ಆಗ್ಲಾಯಾಳ ಸರಿ ಉತ್ತರಗಳು

ಮಾದರಿ ಪತ್ರಿಕೆಗಳ ಕೀ ಉತ್ತರ ಪ್ರಕಟಿಸುವ ಮಾನ್ಯ ಅಧಿಕಾರಿಗಳೇ,

ಕಳೆದ ಚಳಿಗಾಲವಿಡೀ ನಿಮ್ಮ ಜಾಲತಾಣದಲ್ಲಿ ಒಂಬತ್ತನೆಯ ರಷ್ಯನ್ ಮಾದರಿ ಪತ್ರಿಕೆಗೆ ಹತ್ತನೆಯದರ ಕೀ ಇತ್ತು, ಹತ್ತಕ್ಕೆ ಹನ್ನೊಂದರದು, ಹೀಗೇ ಕೊನೆಯವರೆಗೆ. ಪರೀಕ್ಷೆ ಮುಗಿದ ಮೇಲೆ ಸದ್ದಿಲ್ಲದೆ ಸರಿಪಡಿಸಿದಿರಿ. ಆಹಾ, ಎಂಥ ದಕ್ಷತೆ! ತಪ್ಪಾಗಿತ್ತು ಎಂಬ ಒಂದು ಸಾಲು ಬರೆಯಲು ನಿಮ್ಮ ಕಚೇರಿಯಲ್ಲಿ ಶಾಯಿ ಇರಲಿಲ್ಲವೇ?

ಬಿಳಿ ಸಮುದ್ರದ ದಂಡೆಯ ನಮ್ಮ ಶಾಲೆಯಲ್ಲಿ ಇದು ಯಾರಿಗೂ ಗೊತ್ತಾಗಲಿಲ್ಲ. ಏಕೆಂದರೆ ಮಕ್ಕಳೆಲ್ಲ ನಿಮ್ಮ ಕೀ ನೋಡಿಯೇ ಬರೆದು ತರುತ್ತಿದ್ದರು, ನಾನೂ ಅದನ್ನೇ ಪಕ್ಕದಲ್ಲಿಟ್ಟುಕೊಂಡು ಪೂರ್ಣ ಅಂಕ ಹಾಕುತ್ತಿದ್ದೆ. ಸ್ವಂತ ಬುದ್ಧಿಯಿಂದ ಬರೆದವಳು ಆಗ್ಲಾಯಾ ಒಬ್ಬಳೇ. ಅವಳ ಹಾಳೆಯ ತುಂಬ ಕೆಂಪು ಗೆರೆ.

"ರಿಮ್ಮಾ ಪಾವ್ಲೊವ್ನಾ, ನಂದೇ ಸರಿ ಅನ್ಸತ್ತೆ. ಒಂದ್ಸಲ ಪ್ರಶ್ನೆ ಓದ್ತೀರಾ?"

"ಸರ್ಕಾರದ ಕೀ ತಪ್ಪಾಗತ್ತೇನೇ? ಹೋಗು, ಸರಿಯಾಗಿ ಓದ್ಕೋ."

ಹೋದಳು. ಸರಿ ಎನಿಸಿದ್ದನ್ನು ಹೊಡೆದುಹಾಕಿ ಬೇರೇನೋ ಬರೆಯುವುದನ್ನು ಕಲಿತಳು. ಪರೀಕ್ಷೆಯ ಬೆಳಿಗ್ಗೆ, ನಮ್ಮವರೆಲ್ಲ ಅದೃಷ್ಟಕ್ಕೆಂದು ಇಡುವಂತೆ, ಬೂಟಿನೊಳಗೆ ಹಿಮ್ಮಡಿಯ ಕೆಳಗೆ ಐದರ ನಾಣ್ಯ ಇಟ್ಟುಕೊಂಡು ಬಂದಿದ್ದಳು. ಲೋಹ ತಪಾಸಣೆಯ ಬಾಗಿಲು ಕೂಗಿಕೊಂಡಿತು. ನಾಚಿಕೊಂಡು ಬೂಟು ಬಿಚ್ಚಿ ನಾಣ್ಯವನ್ನು ನನ್ನ ಕೈಗಿಟ್ಟಳು: "ಇಟ್ಕೊಂಡಿರಿ, ಆಮೇಲೆ ಇಸ್ಕೋತೀನಿ."

ಇಸಿದುಕೊಳ್ಳಲು ಬರಲೇ ಇಲ್ಲ. ಬಂದ ಅಂಕ ಶಿಕ್ಷಕರ ಕಾಲೇಜಿಗೆ ಸಾಲಲಿಲ್ಲ, ಈಗ ಮೀನಿನ ಕಾರ್ಖಾನೆಯಲ್ಲಿ ಡಬ್ಬಿ ತುಂಬುತ್ತಾಳೆ. ಶರತ್ಕಾಲದಲ್ಲಿ ಬೀರು ಚೊಕ್ಕಮಾಡುವಾಗ ಅವಳ ಹಾಳೆಗಳು ಸಿಕ್ಕವು. ಆಗ, ಮೊದಲ ಸಲ, ಪ್ರಶ್ನೆ ಓದಿದೆ, ನಿಮ್ಮ ಜಾಲತಾಣದ ಈಗಿನ ಕೀ ತೆರೆದು ಹೋಲಿಸಿದೆ. ಮೊದಲ ಹಾಳೆಯಲ್ಲೇ ಇಪ್ಪತ್ತಾರು ಉತ್ತರಗಳಲ್ಲಿ ಇಪ್ಪತ್ತೆರಡು ಸರಿ. ಪ್ರತಿಯೊಂದರ ಮೇಲೂ ನನ್ನ ಗೆರೆ. ಅಂದಿನಿಂದ ಯಾರ ಹಾಳೆ ತಿದ್ದಲು ಕೂತರೂ ಅವಳ ಅಕ್ಷರವೇ ಕಾಣುತ್ತದೆ.

ಓಡಿಹೋಗಿ ಹೇಳಿದೆ, ಫೆಬ್ರವರಿ ಒಂದರೊಳಗೆ ಮತ್ತೆ ಪರೀಕ್ಷೆಗೆ ಅರ್ಜಿ ಹಾಕೆಂದು ಅಂಗಲಾಚಿದೆ. ಅವಳು ನಕ್ಕಳು.

"ಸಮಾಧಾನಕ್ಕೆ ಹೇಳ್ತೀರಿ, ಬಿಡಿ. ಸರ್ಕಾರದ ಕೀ ತಪ್ಪಾಗತ್ತಾ? ನೀವೇ ಹೇಳಿದ್ರಲ್ಲ. ನಂಗೆ ರಷ್ಯನ್ ಬರಲ್ಲ, ಅಷ್ಟೇ."

ಕೇಳಿದಿರಾ, ಮಾನ್ಯರೇ? ಹುಟ್ಟಿದಾಗಿನಿಂದ ಆಡುವ ಭಾಷೆಯೇ ತನಗೆ ಬರುವುದಿಲ್ಲ ಎನ್ನುತ್ತಾಳೆ! ನನ್ನ ಮಾತನ್ನಂತೂ ಇನ್ನು ನಂಬುವುದಿಲ್ಲ. ನಿಮ್ಮ ಮೊಹರನ್ನು ಈಗಲೂ ನಂಬುತ್ತಾಳೆ. ಆದ್ದರಿಂದ ಫೆಬ್ರವರಿ ಒಂದಕ್ಕೆ ಮೊದಲು ಅವಳ ಹೆಸರಿಗೆ ಒಂದು ಕಾಗದ ಬರೆಯಿರಿ: ಕೀ ತಪ್ಪಿತ್ತು, ನೀನು ಸರಿಯಿದ್ದೆ. ಕೆಳಗೆ ಸಹಿ, ಮೊಹರು. ಕಾರ್ಖಾನೆಯ ಬಾಗಿಲಿಗೆ ನಾನೇ ಒಯ್ದು ಕೊಡುತ್ತೇನೆ, ನಾಣ್ಯದ ಜೊತೆಗೆ.

ಇಂತಿ,
ಪ್ರಶ್ನೆ ಓದದೆ ಗೆರೆ ಎಳೆದ ರಷ್ಯನ್ ಟೀಚರು,
ರಿಮ್ಮಾ ಪಾವ್ಲೊವ್ನಾ
(ನನ್ನ ಸಹಿ ಹಾಕಿದ್ದೇನೆ. ಇನ್ನು ನಿಮ್ಮದು.)