ಲಾರ್ಡನ ಕಿರಿಮಗಳು ಬರಲಿಲ್ಲ

ಡಿಸ್ಕವರಿ ಗಾರ್ಡನ್ಸ್, ದುಬೈ
ಶುಕ್ರವಾರ, ೧೪ ನವೆಂಬರ್ ೨೦೨೫

ಕೂಡಿದ ಮಹಾಜನರೇ, ಮುಂದಿನ ಸಾಲಿನ ತಾಯಂದಿರೇ, ಎಸಿಯ ಕೆಳಗೆ ಶಾಲು ಹೊದ್ದು ಕುಳಿತ ಹಿರಿಯರೇ! ನೀವೆಲ್ಲ ಸ್ವಲ್ಪ ಹೊರಗೆ ಹೋಗಿ ಚಹಾ ಕುಡಿದು ಬನ್ನಿ. ಈ ಕಾಗದ ಒಬ್ಬಳಿಗೇ.

ನನ್ನ ಅಕ್ಕನ ಕಿರಿಮಗಳೇ, ಪ್ರೀತಿಯ ಯಶ್ಮಿತಾ,

ಬೆನ್ನುನೋವು ಹೇಗಿದೆ? ಅಲ್ ರೀಮ್ ಐಲ್ಯಾಂಡ್‌ನ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿಗೆ ಬಗ್ಗಿ ಕೂರಬೇಡ. ನನ್ನ ಶುಗರ್ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ.

ಊರಿನ ಚುನಾವಣೆಯ ಹೊತ್ತಿಗೆ ನೀನೂ ನಿನ್ನ ಅಕ್ಕ ಭವ್ಯಶ್ರೀಯೂ ಮಾತು ಬಿಟ್ಟಿರಿ. ಊರಿನ ನಮ್ಮ ಹಿರಿಯರ ಗುತ್ತಿನ ಮನೆಯಲ್ಲಿ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು. ಈಗ ದುಬೈಯ ಅವಳು ಒಂದು ಪಕ್ಷ, ಅಬುಧಾಬಿಯ ನೀನು ಒಂದು ಪಕ್ಷ! ಅದಕ್ಕೇ ನಾನು ಇಂಗ್ಲೆಂಡಿನ ಲಾರ್ಡ್ ಒಬ್ಬನ ಹೆಣ್ಣುಮಕ್ಕಳ ನಾಟಕ ಬರೆದದ್ದು. ಎರಡು ಮಹಾಯುದ್ಧಗಳ ನಡುವಿನ ಕಾಲ; ತಂಗಿ ಕರಿ ಅಂಗಿಯ ಫ್ಯಾಸಿಸ್ಟರ ಮೆರವಣಿಗೆಯಲ್ಲಿ, ಅಕ್ಕ ಕಮ್ಯುನಿಸ್ಟರ ಕೆಂಪು ಬಾವುಟದ ಕೆಳಗೆ. ನೀವಿಬ್ಬರೂ ಅಷ್ಟು ದೂರ ಹೋದವರಲ್ಲ, ಬಲ್ಲೆ. ಆದರೆ ಯಾರಿಗೆ ಯಾವ ಮಾತು ಕಹಿಯೋ ಅದನ್ನೇ ಅವರ ಬಾಯಿಗೆ ಕೊಡುವುದು ನಮ್ಮ ನಾಟಕ ತಂಡದ ಹಳೆಯ ಪದ್ಧತಿ. ನಿನಗೆ ಕರಿ ಅಂಗಿ, ಅವಳಿಗೆ ಕೆಂಪು ಬಾವುಟ ಕೊಟ್ಟೆ. "ಬಣ್ಣ ಹಚ್ಚಿದ್ರೂ ಈ ಮಾತು ನನ್ನ ಬಾಯಲ್ಲಿ ಬರುದಿಲ್ಲ ಮಾವ, ಖಲಾಸ್!" ಎಂದು ನೀನು ಎದ್ದು ಹೋದೆ.

ನಿನ್ನ ಜಾಗಕ್ಕೆ ಯಾರನ್ನೂ ಹಾಕಿಲ್ಲ. ಇವತ್ತಿನ ರಿಹರ್ಸಲ್‌ನಲ್ಲಿ ನಿನ್ನ ಮಾತನ್ನು ಪರದೆಯ ಬದಿಯಿಂದ ಪ್ರಾಂಪ್ಟರ್ ತಿಲಕ್ ಓದಿದ. ಮೂರನೇ ಅಂಕ, ರೈಲ್ವೆ ಸ್ಟೇಷನ್. ಅಕ್ಕ ತಂಗಿಯನ್ನು ನೋಡಿ "ಇನ್ನು ನೀನು ನನಗೆ ಯಾರೂ ಅಲ್ಲ" ಎಂದು ಗರ್ಜಿಸಿ ರೈಲು ಹತ್ತಬೇಕು. ಭವ್ಯ ಬಾಯಿ ತೆರೆದಳು. ನೀನು ನಿಲ್ಲಬೇಕಿದ್ದ ಕಡೆ ನೋಡಿದಳು. ತಿಲಕ್ ಮಾತು ಎತ್ತಿಕೊಟ್ಟ, ಮತ್ತೆ ಎತ್ತಿಕೊಟ್ಟ. ಕೊನೆಗೆ ಬಂದದ್ದು ಮೆಲ್ಲಗೆ, ತುಳುವಿನಲ್ಲಿ: "ಯಶೂ, ಒಣಸ್ ಆಂಡಾ?" ಊಟ ಆಯಿತಾ ಎಂದು ತುಳುವಿನಲ್ಲಿ ಕೇಳುವ ಲಾರ್ಡನ ಮಗಳು! ನಗಬೇಕೆಂದುಕೊಂಡೆ, ಆಗಲಿಲ್ಲ. "ಡೈಲಾಗ್ ಮರ್ತುಹೋಯ್ತು ಮಾವ, ಸಾರಿ" ಎಂದಳು.

ಹಾಗೆಂದು ಅವಳು ಬದಲಾಗಿದ್ದಾಳೆ ಎಂದುಕೊಳ್ಳಬೇಡ. ಚಹಾಕ್ಕೆ ಬಿಟ್ಟಾಗ ಅದೇ ರಾಜಕೀಯ, ಅದೇ ಹಟ, ತಿಲಕ್‌ನ ಜೊತೆ ಜಗಳ. ಜಗಳವಾಡುವವಳೂ ಊಟ ಆಯಿತಾ ಎಂದು ಕೇಳಿದವಳೂ ಒಬ್ಬಳೇ.

ನಿನ್ನ ಗಂಡನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಮನೆ ದೈವ ನಿನ್ನ ಬೆನ್ನಿಗಿರಲಿ.

ನಿನ್ನ ಮಾವ,
ದೇಜಪ್ಪ

ತಾ.ಕ.: ಇದನ್ನು ಫೋಟೊ ತೆಗೆದು ಈಗಲೇ ವಾಟ್ಸಾಪ್ ಮಾಡುತ್ತೇನೆ. ಭವ್ಯಳ ಗಂಡನ ಕೆಲಸ ಹೋಗಿದೆ, ವೀಸಾ ಕ್ಯಾನ್ಸಲ್. ಬರುವ ವಾರ ಅವರು ಗಂಟುಮೂಟೆ ಕಟ್ಟಿ ಊರಿಗೇ ಹೊರಡುತ್ತಾರೆ. ನಿನಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ನಿನಗೆ ಪಾತ್ರ ಬೇಡವೆಂದರೆ ನಾಟಕವೂ ಬೇಡ. ನಾಳೆ ಬೆಳಗ್ಗೆ ಅವಳನ್ನು ಕಾರಿಗೆ ಹತ್ತಿಸಿ ನಿನ್ನ ಕಟ್ಟಡದವರೆಗೆ ತರುತ್ತೇನೆ. ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಕೆಳಗೇ ಕೂರುತ್ತೇನೆ. ಮೇಲೆ ಅವಳೊಬ್ಬಳೇ ಬರುತ್ತಾಳೆ.