ಬಾಯಾರಿಕೆ ಇಲ್ಲ

ಜೂನ್ 9, 2004, ಬುಧವಾರ, ಬೆಳಿಗ್ಗೆ

ಆಸ್ಪತ್ರೆಗೆ ಫ್ಲಾಸ್ಕಲ್ಲಿ ಕಾಫಿ ತಂದೆ. ಅಪ್ಪ ಎರಡು ಗುಟುಕಿಗೆ ಲೋಟ ವಾಪಸ್ ಕೊಟ್ಟರು. ಸೊಂಟದ ಆಪರೇಷನ್ ಆಗಿ ಮೂರನೇ ದಿನ. ನಿನ್ನೆ ಮೂತ್ರದ ಟ್ಯೂಬ್ ತೆಗೆದಿದ್ದಾರೆ. ಗುರುದೇವಿ ಸಿಸ್ಟರ್ ಹೊಟ್ಟೆಗೆ ಇಂಜೆಕ್ಷನ್ ಕೊಟ್ಟು, ಕಾಲಿನ ಬಿಗಿ ಸಾಕ್ಸ್ ಸುಕ್ಕಿಲ್ಲದಂತೆ ಎಳೆದರು. ಪಾದ ಮೇಲೆ, ಕೆಳಗೆ — ಹೇಳಿದಷ್ಟೂ ಸಲ ಮಾಡ್ತಾರೆ ಅಪ್ಪ. ವಾಕರ್ ಹಿಡಿದು ಕಿಟಕಿ ತನಕ ನಡೀತಾರೆ. ಬಾತ್‌ರೂಮ್ ಇನ್ನೂ ದೂರ.

ನೀರು ಮಾತ್ರ ಕುಡಿಯಲ್ಲ.

"ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ ಸಾರ್. ಅದು ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಬರುತ್ತೆ. ನೀರು ಕುಡೀರಿ."

"ಬಾಯಾರಿಕೆ ಇಲ್ರಿ."

ತುಟಿ ಒಡೆದಿದೆ.

ಜೂನ್ 10, ಸಂಜೆ

ಕಾರಣ ಗೊತ್ತಾಯ್ತು. ಸಂಜೆ ಆದ್ರೆ ಅಪ್ಪನ ಕಣ್ಣು ಬಾಗಿಲ ಮೇಲೆ. ಪಕ್ಕದ ಮನೆ ತಮ್ಮಣ್ಣ ಅಂಕಲ್ ಬಾಪೂಜಿ ನಗರದ ಅಂಗಡಿಯಿಂದ ನೇರ ಇಲ್ಲಿಗೇ ಬರ್ತಾರೆ. ನನ್ನ ಹೊರಗೆ ಕಳಿಸಿ, ಮಂಚದ ಕೆಳಗಿಂದ ಯೂರಿನ್ ಕ್ಯಾನ್ ತೆಗೀತಾರೆ. ಪರದೆಯಾಚೆ ಅವರ ದನಿ — "ಕಂದಾಯ ಕಟ್ಟಿ ಜಂಬಣ್ಣನವರೇ, ಬಾಕಿ ಇಟ್ಕೋಬೇಡಿ!" ಅಪ್ಪ ನಗ್ತಾರೆ. ಇಡೀ ದಿನಕ್ಕೆ ಅದೊಂದೇ ನಗು.

ಹಗಲು ತೀರಾ ತಡೆಯಲಾಗದಿದ್ರೆ, ನಾನು ಕೆಳಗೆ ಹೋದ ಹೊತ್ತು ನೋಡಿ ಆಯಾನ ಕರೀತಾರಂತೆ. ಅಮ್ಮ ಇದ್ದಿದ್ರೆ...

ಎಂ.ಎ.ಗೆ ವಚನಗಳಲ್ಲಿ ದೇಹದ ಬಗ್ಗೆ ಇಡೀ ಪ್ರಬಂಧ ಬರೆದವಳು ನಾನು. ಅಪ್ಪನ ಮುಂದೆ 'ಯೂರಿನ್' ಅನ್ನೋದು ಬಾಯಿಗೆ ಬರಲ್ಲ.

ಜೂನ್ 12, ಶನಿವಾರ

ತಮ್ಮಣ್ಣ ಅಂಕಲ್ ತುಮಕೂರಿಗೆ, ಮದುವೆಗೆ. ಸೋಮವಾರ ಬರೋದು. ಅಪ್ಪ ಈಗ ಮಾತ್ರೆಗೂ ಒಂದೇ ಗುಟುಕು. ಎಳನೀರು ತಂದೆ. "ನೀ ಕುಡಿಯವ್ವ."

ಸಿಸ್ಟರ್ ನನ್ನ ಬಾಗಿಲ ಹತ್ತಿರ ಕರೆದರು. "ಯಾಕೆ ಕುಡೀತಿಲ್ಲ? ನಿಂಗೆ ಗೊತ್ತು, ಹೇಳಮ್ಮ."

"ಅವರಿಗೆ... ಸಂಕೋಚ."

"ಅವರಿಗಾ, ನಿಂಗಾ?"

ಸಿಸ್ಟರೇ ಕ್ಯಾನ್ ಹಿಡಿದು ಹೋದರು. ಅಪ್ಪ ಮುಖ ತಿರುಗಿಸಿದರು. "ಈಗ ಬ್ಯಾಡ್ರಿ."

ಜೂನ್ 13, ಭಾನುವಾರ

ಕೇಳಿದೆ. "ಅಪ್ಪ, ಕ್ಯಾನ್ ನಾನೇ ಕೊಡ್ಲಾ?" ಕಿಟಕಿ ಕಡೆ ನೋಡ್ಕೊಂಡು ಕೇಳಿದೆ.

"ಛೇ, ನಿನ್ನ ಕೈಲೇನವ್ವ ಅದು... ನಾಳೆ ತಮ್ಮಣ್ಣ ಬರ್ತಾನಲ್ಲ."

ಒತ್ತಾಯ ಮಾಡಲಿಲ್ಲ. ಒಳಗೆಲ್ಲೋ ಹಗುರ ಆಯ್ತು. ಅದನ್ನೂ ಬರೀಬೇಕು.

ಜೂನ್ 16, ಬುಧವಾರ

ಸೋಮವಾರ ಬೆಳಿಗ್ಗೆ ಅಪ್ಪನ ಕಾಲಿನ ಮೀನಖಂಡ ಊದಿತ್ತು. ಮುಟ್ಟಿದರೆ ಬಿಸಿ. ಸ್ಕ್ಯಾನ್‌ಗೆ ಕರ್ಕೊಂಡು ಹೋಗೋ ಮೊದಲೇ ಉಸಿರು ಹಿಡೀತು. ಹೆಪ್ಪು ಶ್ವಾಸಕೋಶಕ್ಕೆ ಹೋಗಿದೆ ಅಂದರು. ಐಸಿಯು.

ಗುರುದೇವಿ ಸಿಸ್ಟರ್ ಡ್ಯೂಟಿ ಮುಗಿಸಿ ಬಂದು ಪಕ್ಕ ಕೂತರು. "ಎಲ್ಲ ಮಾಡಿದ್ರೂ ಕೆಲವರಿಗೆ ಆಗುತ್ತೆ ಕಣಮ್ಮ. ನೀರೊಂದೇ ಕಾರಣ ಅಲ್ಲ."

ನಿಜವೋ, ಸಮಾಧಾನಕ್ಕೋ. ಕೇಳಲಿಲ್ಲ. ಅವತ್ತು ಸಂಜೆ ತಮ್ಮಣ್ಣ ಅಂಕಲ್ ಮದುವೆ ಲಾಡು ಕೈಯಲ್ಲಿ ಹಿಡ್ಕೊಂಡೇ ಮೆಟ್ಟಿಲ ಮೇಲೆ ಅಳ್ತಿದ್ರು.

ಅದೇ ದಿನ, ಸಂಜೆ

ಐದು ನಿಮಿಷ ಒಳಗೆ ಬಿಟ್ಟರು. ಮತ್ತೆ ಟ್ಯೂಬ್ ಹಾಕಿದ್ದಾರೆ. ಚೀಲ ಮಂಚದ ಪಕ್ಕ ತೂಗ್ತಿದೆ. ಅಪ್ಪ ಅದನ್ನ ನೋಡಿದರು, ನನ್ನ ನೋಡಿದರು. ಮಾಸ್ಕ್ ಸರಿಸಿ — "ನೀರು ಕೊಡವ್ವ."

ಚಮಚದಲ್ಲಿ ಕೊಡಿ ಅಂದರು ಅಲ್ಲಿನ ಸಿಸ್ಟರ್. ಕೊಟ್ಟೆ. ಇನ್ನೊಂದು. ಇನ್ನೊಂದು. ಎಷ್ಟು ದಿನದ ಬಾಯಾರಿಕೆಯೋ. ನಡುವೆ ಉಸಿರಿಗೆ ನಿಲ್ಲಿಸ್ತಾರೆ, ಮತ್ತೆ ಬಾಯಿ ತೆರೀತಾರೆ. ಲೋಟ ಖಾಲಿ.

"ತರ್ತೀನಿ ಅಪ್ಪ" ಅಂದೆ. ಟೈಮ್ ಆಯ್ತು, ಹೊರಗೆ ಇರಿ ಅಂದರು.

ಬಾಟಲಿ ತುಂಬಿಸ್ಕೊಂಡು ಬಾಗಿಲ ಎದುರಿಗೆ ಕೂತು ಬರೀತಿದೀನಿ. ಒಳಗೆ ಯಾರೋ ಓಡಿದ ಸದ್ದು... ಬಾಗಿಲು ತೆರೀತು. ಜಂಬಣ್ಣನ ಕಡೆಯವರು ಯಾರು ಅಂತ —