ತೆನೆ ಒಳಗಿಟ್ಟ ಬಣವೆ

ಜೋರಾಪುರ ಪೇಟೆ, ವಿಜಯಪುರ
16 ಫೆಬ್ರವರಿ 2025

ಲಲಿತಾ,

ಹಳೆಯ ವಿದ್ಯಾರ್ಥಿಗೆ ಬರೆಯುವಾಗ ಮೊದಲು ಆಶೀರ್ವಾದ ಬರೆಯುವುದು ರೂಢಿ. ಹಾಗೇ ಬರೆದಿದ್ದೆ, ಆಮೇಲೆ ಆ ಹಾಳೆ ಹರಿದು ಇದನ್ನು ತೆಗೆದುಕೊಂಡೆ. ನಮಸ್ಕಾರ. ನಾನು ಸುಶೀಲೇಂದ್ರ, ಚಿತ್ರಕಲಾ ಕಾಲೇಜಿನಲ್ಲಿ ನಿನಗೆ ಕಲಾ ಇತಿಹಾಸ ಕಲಿಸಿದವನು.

ವಿಳಾಸ ಕೊಟ್ಟವನು ನಿನ್ನ ಅಣ್ಣ ಮಾಳು. ಶನಿವಾರ ನಿನ್ನನ್ನು ತಿಕೋಟಾಕ್ಕೆ ಕರೆದೊಯ್ಯಲು ಕಾಲೇಜಿನ ಗೇಟಿನ ಹತ್ತಿರ ನಿಲ್ಲುತ್ತಿದ್ದನಲ್ಲ, ಹೋದ ತಿಂಗಳು ಸ್ಟೇಷನ್ ರಸ್ತೆಯಲ್ಲಿ ಸಿಕ್ಕ. ನಿನ್ನ ಬಗ್ಗೆ ಕೇಳಿದೆ. "ಆಕಿ ಬಬಲೇಶ್ವರದಾಗ ಹೊಲಿಗಿ ಅಂಗಡಿ ಇಟ್ಟಾಳ್ರಿ ಸರ. ಚಿತ್ರಾ ಬಿಟ್ಟು ಭಾಳ ವರ್ಷ ಆತು" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ನನ್ನ ಪಾಠದ ಟಿಪ್ಪಣಿಗಳು ಪುಸ್ತಕವಾಗುತ್ತಿವೆ. ಆಧುನಿಕ ಫ್ರೆಂಚ್ ಚಿತ್ರ ಮತ್ತು ಶಿಲ್ಪದ ಮೇಲಿನವು, ನೀವೆಲ್ಲ ಬರೆದುಕೊಂಡವೇ. ನನ್ನ ಗುರುಗಳು ನನಗೆ ಬರೆಸಿದ್ದನ್ನು ನಾನು ನಿಮಗೆ ಬರೆಸಿದೆ. ಮೂವತ್ತೊಂದು ವರ್ಷ ಒಂದು ಸಾಲೂ ಬದಲಾಗಲಿಲ್ಲ. ನಮ್ಮಲ್ಲಿದ್ದ ಚಿತ್ರಗಳು ಕಪ್ಪು ಬಿಳುಪಿನವು. ಬಣ್ಣವನ್ನು ನಾನು ಬಾಯಿಂದ ಹೇಳುತ್ತಿದ್ದೆ: ಇಲ್ಲಿ ನೇರಳೆ ನೆರಳು, ಇಲ್ಲಿ ಕಿತ್ತಳೆ ಬೆಳಕು. ಅದನ್ನು ನಾನೂ ಕಂಡವನಲ್ಲ.

1998ರ ಆಗಸ್ಟ್‌ನಲ್ಲಿ ಫ್ರೆಂಚ್ ಚಿತ್ರಕಾರ ಮೊನೆಯ ಬಣವೆ ಚಿತ್ರಗಳ ಪಾಠ ನಡೆದಿತ್ತು. ಬೆಳಗ್ಗೆ, ಸಂಜೆ, ಹಿಮ ಬಿದ್ದಾಗ, ಅದೇ ಬಣವೆಯನ್ನು ಮತ್ತೆ ಮತ್ತೆ ಬರೆದ. ಬೆಳಕೇ ಅವನ ವಿಷಯ, ಎದುರಿಗಿದ್ದದ್ದು ಬರೀ ಒಣಹುಲ್ಲು, ಎಂದು ಬರೆಸುತ್ತಿದ್ದೆ. ನೀನು ಎದ್ದು ನಿಂತೆ.

"ಸರ, ಇದು ಮೇವಿನ ಬಣವಿ ಅಲ್ರಿ. ತೆನಿ ಒಳಗ ಮಾಡಿ ಗೋದಿ ಒಟ್ಟ್ಯಾರ. ಮ್ಯಾಲ ಹೊದಿಕಿ ನೋಡ್ರಿ, ರಾಶಿ ಮಾಡೂತನಾ ಕಾಳಿಗೆ ನೀರು ತಾಗಬಾರದಂತ ಹಾಕ್ಯಾರ. ನಮ್ಮ ಮನ್ಯಾಗೂ ಹಿಂಗ ಒಟ್ತೀವ್ರಿ."

ನಾನು ಅಂದದ್ದು ನಿನಗೆ ನೆನಪಿರುತ್ತದೆ. "ನಿಮ್ಮಪ್ಪ ಗೊಲ್ಲಾಳಪ್ಪ ಫ್ರಾನ್ಸಿಗೆ ಹೋಗಿ ಒಟ್ಟಿ ಬಂದಾನೇನವಾ?" ತರಗತಿ ನಕ್ಕಿತು. ನೀನು ಕೂತೆ.

ಮರುದಿನ ಶಿಲ್ಪಿ ರೋದಾನ್‌ನ ಪಾಠ. ಅವನು ಮಣ್ಣಿನಲ್ಲಿ ಮಾಡಿದ ಮನುಷ್ಯ ತೀರಾ ಸಹಜವಾಗಿದ್ದುದರಿಂದ, ಜೀವಂತ ಮೈಯಿಂದಲೇ ಅಚ್ಚು ತೆಗೆದಿದ್ದಾನೆ ಎಂದು ಪ್ಯಾರಿಸಿನ ದೊಡ್ಡವರು ಸಂಶಯಪಟ್ಟ ಕತೆಯನ್ನು ಹೇಳಿದೆ. ಅವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಮೊನೆಯಿಂದ ಸೆಜಾನ್, ಸೆಜಾನ್‌ನಿಂದ ಮತೀಸ್, ಒಬ್ಬೊಬ್ಬನೂ ಗುರುವಿನ ಮಾತಿಗಿಂತ ತನ್ನ ಕಣ್ಣನ್ನು ಹೆಚ್ಚು ನಂಬಿದ, ಆಧುನಿಕ ಕಲೆ ಬೆಳೆದದ್ದೇ ಹಾಗೆ ಎಂದು ಹೇಳಿ, ಅದನ್ನೂ ನಿಧಾನವಾಗಿ, ಅಲ್ಪವಿರಾಮ ಸಮೇತ ಬರೆಸಿದೆ. ನೀನು ಕೊನೆಯ ಬೆಂಚಿನಲ್ಲಿ ಕೂತು ಬರೆದುಕೊಂಡೆ.

ಏಪ್ರಿಲ್‌ನ ಮೌಖಿಕ ಪರೀಕ್ಷೆಯಲ್ಲಿ ಅದೇ ಚಿತ್ರವನ್ನು ಮುಂದಿಟ್ಟು, ಇದು ಏನು ಎಂದು ಕೇಳಿದೆ. ನೀನು ಚಿತ್ರ ನೋಡಲಿಲ್ಲ, ನನ್ನನ್ನು ನೋಡಿದೆ. "ಗೋದೀದ್ರಿ ಸರ" ಎಂದೆ. ಪಾಸಾಗಲು ಹದಿನೆಂಟು ಬೇಕಿತ್ತು. ಹನ್ನೊಂದು ಹಾಕಿದೆ. ಕಲಬುರಗಿಯಲ್ಲಿ ಮುಂದೆ ಕಲಿಯಲು ನಿನಗಾಗಿದ್ದ ಸೀಟು ಹೋಯಿತು. ಒಂದು ವರ್ಷ ಕಾಯಲು ನಿಮ್ಮ ಮನೆಯಲ್ಲಿ ಒಪ್ಪಲಿಲ್ಲ, ಮದುವೆ ಮಾಡಿದರು ಎಂದು ಆಮೇಲೆ ಯಾರೋ ಹೇಳಿದರು.

ಮೊನ್ನೆಯ ದೀಪಾವಳಿಗೆ ಮಗಳು ಮೃಣಾಲ ಬಂದಿದ್ದಳು. ಪುಸ್ತಕಕ್ಕೆಂದು ಆ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಬಣವೆಯ ಅಂಚು ಕೆಂಡದ ಹಾಗಿತ್ತು, ನೆರಳು ನೀಲಿ. "ಅಪ್ಪಾ, ಇವು ಗೋದಿ ಬಣವಿ ಅಂತ ಬರದಾರ ಇಲ್ಲೆ" ಎಂದಳು. ನಾನು ಕನ್ನಡಕ ಒರೆಸುತ್ತ ಕೂತೆ. ನನ್ನ ಹೆಂಡತಿ ವಂದನಾಗೆ ನಿನ್ನ ಕತೆ ಹೇಳಿದ್ದು ಅಂದೇ. ಪುಸ್ತಕದಲ್ಲಿ ತಿದ್ದಿಬಿಡುತ್ತೇನೆ ಎಂದೆ. "ನೀವು ಪುಸ್ತಕದಾಗ ತಿದ್ದಿದ್ರ ಬಬಲೇಶ್ವರದಾಗ ಕೂತ ಆಕಿಗೆ ಹ್ಯಾಂಗ ಗೊತ್ತಾಗಬೇಕು?" ಎಂದಳು. ಊರಿನ ಹೆಸರು ಮಾತ್ರ ಈಗ ನಾನು ಸೇರಿಸಿದ್ದು. ಆಗ ಅದು ನಮಗೆ ಗೊತ್ತಿರಲಿಲ್ಲ.

ಹೋದ ಸೋಮವಾರ ನಿನ್ನ ಅಂಗಡಿಯ ಎದುರಿನವರೆಗೂ ಬಂದಿದ್ದೆ. ನೀನು ಯಾರದೋ ಕುಪ್ಪಸದ ಅಳತೆ ತೆಗೆಯುತ್ತಿದ್ದೆ. ಹಿಂದಿನ ಗೋಡೆಗೆ ದಾರದ ರೀಲುಗಳಿದ್ದವು. ಹಳದಿಯಿಂದ ಕಿತ್ತಳೆ, ಕಿತ್ತಳೆಯಿಂದ ಕೆಂಪು, ಆಮೇಲೆ ನೇರಳೆ, ಕಡೆಗೆ ನೀಲಿ. ಅಂಗಡಿಯವರು ಯಾರೂ ಹಾಗೆ ಜೋಡಿಸುವುದಿಲ್ಲ. ರಸ್ತೆ ದಾಟಲು ನನ್ನಿಂದಾಗಲಿಲ್ಲ. ಮುಂದಿನ ಬಸ್ಸಿಗೆ ವಾಪಸಾದೆ.

ಪುಸ್ತಕದ ಅಡಿಟಿಪ್ಪಣಿ ಹೀಗಿದೆ: "ಇವು ಮೇವಿನ ಬಣವೆಗಳಲ್ಲ, ತೆನೆಸಹಿತ ಒಟ್ಟಿದ ಗೋದಿಯವು. ತಿಕೋಟಾದ ಲಲಿತಾ ಇದನ್ನು 1998ರಲ್ಲಿ ತರಗತಿಯಲ್ಲೇ ಹೇಳಿದ್ದರು. ಲೇಖಕನಿಗೆ ತಿಳಿದದ್ದು 2024ರ ದೀಪಾವಳಿಯಲ್ಲಿ." ನಿನ್ನ ಹೆಸರು ಇರಲೋ ಬೇಡವೋ, ನೀನೇ ಹೇಳಬೇಕು. ಬೇಡವೆಂದರೆ ಪುಸ್ತಕವನ್ನೇ ನಿಲ್ಲಿಸುತ್ತೇನೆ. ಕ್ಷಮಿಸು ಎಂದು ಕೇಳಲು ಬರೆದದ್ದಲ್ಲ ಇದು. ಹಾಗೆ ಹೇಳಿದರೂ ಕೇಳಿದ ಹಾಗೇ ಆಯಿತು.

ನಿನ್ನ ಉತ್ತರಕ್ಕೆ ಕಾದಿರುವ,
ಸುಶೀಲೇಂದ್ರ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಅಡಿಟಿಪ್ಪಣಿಯ ಕೊನೆಯ ಸಾಲು ಸುಳ್ಳು. ನೀನು ಎದ್ದು ನಿಂತ ದಿನ ಸಂಜೆಯೇ ಗ್ರಂಥಾಲಯಕ್ಕೆ ಹೋಗಿ ದೊಡ್ಡ ಇಂಗ್ಲಿಷ್ ಪುಸ್ತಕ ತೆಗೆಸಿ ನೋಡಿದ್ದೆ. ಗೋದಿ ಎಂದೇ ಇತ್ತು. ಏಪ್ರಿಲ್‌ನಲ್ಲಿ ಆ ಚಿತ್ರ ಮುಂದಿಟ್ಟಾಗ ನನಗೆ ಉತ್ತರ ಗೊತ್ತಿತ್ತು. ನಿನ್ನ ಬಾಯಿಂದ ಹುಲ್ಲು ಎಂದು ಕೇಳಬೇಕಾಗಿತ್ತು. ಅಂದಿದ್ದರೆ ಪಾಸು ಮಾಡುತ್ತಿದ್ದೆ. ಆ ಸಾಲನ್ನು ಈಗ "1998ರ ಆಗಸ್ಟ್" ಎಂದು ತಿದ್ದಿದ್ದೇನೆ. ಮುಂದಿನ ಕರಡನ್ನು ಓದುವವಳು ವಂದನಾ. ಅವಳಿಗೆ ಇನ್ನೂ ಹೇಳಿಲ್ಲ.